ಕುಂಬಳಕಾಯಿ ಹೊತ್ತ ಬೋರ್ಡು

ಬೋರ್ಡು ಹಾಕಲು ಹೋದ ಕಡೆ ನಾನು ಮೊದಲು ಗೋಡೆ ಬಡಿದು ನೋಡುತ್ತೇನೆ. ಇಟ್ಟಿಗೆಯದಾದರೆ ಬೆರಳ ಗೆಣ್ಣು ನೋಯುತ್ತದೆ, ಜಿಪ್ಸಂ ಆದರೆ ಡಬಡಬ ಎನ್ನುತ್ತದೆ. ಈಗ ಕೋಲಾರ, ಮಾಲೂರು, ಶ್ರೀನಿವಾಸಪುರ, ಎಲ್ಲಿ ಹೋದರೂ ಹೊಸ ಕಾಂಪ್ಲೆಕ್ಸ್‌ಗಳಲ್ಲಿ ಡಬಡಬ ಗೋಡೆಗಳೇ. ಆಚೆಗೊಂದು ಈಚೆಗೊಂದು ಜಿಪ್ಸಂ ಹಾಳೆ, ಒಳಗೆ ಅಲ್ಲಲ್ಲಿ ನಿಲ್ಲಿಸಿದ ತಗಡಿನ ಚಾನೆಲ್, ಉಳಿದದ್ದೆಲ್ಲ ಗಾಳಿ. ಅಂಥ ಗೋಡೆಗೆ ದಪ್ಪ ಅಕ್ರಿಲಿಕ್ ಬೋರ್ಡು ಹಾಕುವುದು ಎಲ್ಲರ ಕೈಲಾಗುವ ಕೆಲಸವಲ್ಲ. ನನ್ನ ಕೈಲಾಗುತ್ತದೆ. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ. ಕೋಲಾರದಲ್ಲಿ ಅಂಗಡಿ ಇಟ್ಟ ಮೇಲೆ ನಾನು ಹಾಕಿದ ಒಂದು ಬೋರ್ಡೂ ಕೆಳಗೆ ಬಂದಿಲ್ಲ.

ಅಕ್ಕನ ಬೋರ್ಡಿಗೆ ಮಾತ್ರ ನನಗೂ ಭಯವಿತ್ತು.

ಅಕ್ಕ ಗಾರ್ಮೆಂಟ್ಸ್ ಕೆಲಸ ಬಿಟ್ಟು ಮುಳಬಾಗಿಲಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ತೆರೆಯುತ್ತಿದ್ದಳು. ಬೈರಕೂರಿನಲ್ಲಿ ತೋಟ ನೋಡಿಕೊಂಡಿರುವ ಅವಳ ಅತ್ತೆಗೆ ಇದು ಸುತರಾಂ ಒಪ್ಪಿಗೆ ಇರಲಿಲ್ಲ. "ತಿಂಗಳಾದ್ರೆ ಬರೋ ಸಂಬಳ ಬಿಟ್ಟು ಅಂಗಡಿ ಇಡ್ತಾಳಂತೆ. ನಾನಂತೂ ಆ ಮೆಟ್ಲು ಹತ್ತಲ್ಲ" ಎಂದು ಸೊಸೆಯ ಜೊತೆ ಮಾತೇ ಬಿಟ್ಟಿದ್ದರು. ಇಂಥದ್ದರಲ್ಲಿ ಮೊದಲ ದಿನವೇ ಬೋರ್ಡು ಕಳಚಿ ಬಿದ್ದರೆ ಮುಗಿಯಿತು. ನಮ್ಮ ಕಡೆ ಅದನ್ನು ಸ್ಕ್ರೂ ಸಡಿಲವಾಯಿತು ಎನ್ನುವುದಿಲ್ಲ, ಅಪಶಕುನ ಎನ್ನುತ್ತಾರೆ. ಅತ್ತೆ ಸೊಸೆ ಮತ್ತೆ ಮಾತಾಡುವುದು ಕನಸೇ ಆಗುತ್ತಿತ್ತು.

ಆರಂಭದ ಹಿಂದಿನ ದಿನ ಮಧ್ಯಾಹ್ನ ಟೆಂಪೋದವನೂ ನಾನೂ ಬೋರ್ಡನ್ನು ಮೊದಲ ಮಹಡಿಗೆ ಹೊತ್ತು ತಂದೆವು. ಬೋರ್ಡು ಕೂರಬೇಕಾದದ್ದು ಅಂಗಡಿಯ ಬಾಗಿಲ ಮೇಲಿನ ಜಿಪ್ಸಂ ಗೋಡೆಗೆ. ಆ ಜಾಗದಲ್ಲಿ ಹಾಳೆಯನ್ನು ಚೌಕಾಕಾರವಾಗಿ ಕೊಯ್ದು, ಒಳಗೆ ಚಾನೆಲ್‌ಗಳಿಗೆ ಪ್ಲೈವುಡ್ ಬಿಗಿದು, ಮತ್ತೆ ಮುಚ್ಚಿ ಬಣ್ಣ ಬಳಿಯುವುದು ನನ್ನ ಲೆಕ್ಕಾಚಾರ. ಕಟ್ಟರ್ ತೆಗೆದೆ. ಅಕ್ಕ ಓಡಿ ಬಂದು ಅಡ್ಡ ನಿಂತಳು.

"ಒಡೀಬೇಡ ಕಣೇ. ಬೆಳಗ್ಗೆ ಪೂಜೆ ಆಗೋಯ್ತು."

ತಲೆಯೆತ್ತಿ ನೋಡಿದೆ. ಬಾಗಿಲ ಮೇಲೆ, ನಾನು ಕೊಯ್ಯಬೇಕೆಂದಿದ್ದ ಜಾಗದಲ್ಲೇ ಅರಿಶಿನ ಕುಂಕುಮ ಇಟ್ಟಿದ್ದರು. ಪೂಜೆಯಾದ ಗೋಡೆಯನ್ನು ಆರಂಭಕ್ಕೆ ಮೊದಲು ಒಡೆಯುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ, ನನಗೂ ಇಲ್ಲ.

"ಬೋರ್ಡು ಹಾಕೋಕ್ಮುಂಚೆ ಪೂಜೆ ಮಾಡಿ ಅಂತ ಯಾರು ಹೇಳಿದ್ದು?" ಎಂದು ರೇಗಿದೆ.

"ಬೆಳಗ್ಗೇನೇ ಘಳಿಗೆ ಚೆನ್ನಾಗಿತ್ತು. ತೂತು ಬೇಕಾದ್ರೆ ಹಾಕು, ಒಡೆಯೋದು ಬೇಡ."

ಟೇಬಲ್ ಮೇಲೆ ಎರಡೂ ಕಡೆ ಅಂಟುವ ಟೇಪಿನ ಸುರುಳಿ ಬಿದ್ದಿತ್ತು. "ಇದೇನು ಇಲ್ಲಿ?" ಎಂದೆ ಅಷ್ಟೇ. "ನಾನು ಅಂಟ್ಸೋಕೆ ಅಂತ ತಂದಿದ್ದಲ್ಲಮ್ಮ" ಎಂದರು ಭಾವ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಟೇಪನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಮಾತು ಬಲ್ಲವರಿಗೆ ಜಗಳವಿಲ್ಲ ಎನ್ನುತ್ತಾರೆ, ನನಗೆ ಎರಡೂ ಬರುತ್ತವೆ. ಆದರೆ ಅವತ್ತು ಜಗಳಕ್ಕೆ ಹೊತ್ತಿರಲಿಲ್ಲ.

ಒಳಗೆ ಹಾಕಲಾಗದ ಮರವನ್ನು ಹೊರಗೇ ಹಾಕಿದರಾಯಿತು ಎಂದುಕೊಂಡೆ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಗೋಡೆಯ ಮೇಲೆ ನಿಧಾನವಾಗಿ ಎಳೆದೆ. ಜಿಪ್ಸಮ್ಮನ್ನು ಚಾನೆಲ್‌ಗೆ ಹಿಡಿದ ಸ್ಕ್ರೂಗಳು ಬಣ್ಣದಡಿ ಎಲ್ಲಿವೆಯೋ ಅಲ್ಲಿ ಅದು ಟಕ್ಕನೆ ಕಚ್ಚುತ್ತದೆ. ಹಾಗೆ ಚಾನೆಲ್‌ಗಳನ್ನೆಲ್ಲ ಗುರುತಿಸಿ, ಅವುಗಳಿಗೆ ಅಡ್ಡವಾಗಿ ಉದ್ದನೆಯ ಪ್ಲೈವುಡ್ ಹಲಗೆ ಇಟ್ಟು, ಒಂದೊಂದು ಚಾನೆಲ್‌ಗೂ ಸ್ಕ್ರೂ ಹೊಡೆದೆ. ನಡುವಿನ ಪೊಳ್ಳು ಜಾಗಕ್ಕೆ ರೆಕ್ಕೆಯ ಬೋಲ್ಟು. ತೂತಿನೊಳಗೆ ಮಡಚಿಕೊಂಡು ಹೋಗಿ ಹಾಳೆಯ ಹಿಂದೆ ರೆಕ್ಕೆ ಬಿಚ್ಚಿಕೊಂಡು ಕೂರುತ್ತದೆ. ಹಲಗೆ ಕೂತದ್ದು ಕುಂಕುಮಕ್ಕಿಂತ ಮೇಲೆ, ಅದಕ್ಕೆ ಒಂದು ಚೂರೂ ತಾಗಿಸಲಿಲ್ಲ.

"ನಾಳೆ ಇದರ ಮೇಲೆ ಏನೇನು ಹಾಕ್ತೀರಾ?" ಎಂದು ಅಕ್ಕನನ್ನು ಕೇಳಿದೆ.

"ಹೂವಿನ ಹಾರ ಅಷ್ಟೇ."

ನಾನು ನಂಬಲಿಲ್ಲ. ನಮ್ಮ ಜನ ಬೋರ್ಡನ್ನು ಬೋರ್ಡಾಗಿರಲು ಬಿಡುವುದಿಲ್ಲ. ಹಾರ, ತೋರಣ, ಬಲ್ಬಿನ ಸರ, ಬಾಳೆದಿಂಡು, ಎಲ್ಲವೂ ಅದಕ್ಕೇ. ಏಣಿ ಹತ್ತಿ ಎರಡೂ ಕೈಯಿಂದ ಹಲಗೆ ಹಿಡಿದು, ಕಾಲು ಬಿಟ್ಟು ಜೋತುಬಿದ್ದೆ. ಅಕ್ಕ ಕಣ್ಣು ಮುಚ್ಚಿಕೊಂಡಳು. ಹಲಗೆ ಕಿರ್ ಎನ್ನಲಿಲ್ಲ. ನಾನು ಒಣಕಲು ಹೆಂಗಸಲ್ಲ. ಆಮೇಲೆ ಹಲಗೆಗೆ ಗೋಡೆಯ ಬಣ್ಣವನ್ನೇ ಬಳಿದು ಬೋರ್ಡು ಏರಿಸಿದೆ.

ಮಾರನೇ ದಿನ ಹತ್ತು ಗಂಟೆಯ ಹೊತ್ತಿಗೆ ನಂಟರೆಲ್ಲ ನೆರೆದಿದ್ದರು. ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುವುದು ಕೇಳಿಸಿತು. ಅಕ್ಕನ ಅತ್ತೆ. ಸೊಂಟದ ಮೇಲೆ ಕೂಸಿನಂತೆ ಒಂದು ಬೂದುಗುಂಬಳಕಾಯಿ. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡದನ್ನು ನಾನು ಕಂಡಿಲ್ಲ.

"ನಮ್ಮ ಹಿತ್ಲದ್ದು. ದೃಷ್ಟಿಗೆ ಕಟ್ರಿ" ಎಂದು ಮಗನ ಕೈಗೆ ಕೊಟ್ಟರು. ಸೊಸೆಯ ಮುಖ ನೋಡಲಿಲ್ಲ.

ಅಂಗಡಿಗೆ ಕಣ್ಣು ತಾಗಬಾರದೆಂದು ಕಟ್ಟುವ ಕಾಯಿ ಬಾಗಿಲ ಮೇಲೇ ಇರಬೇಕು. ಮೇಲಿನ ಸೀಲಿಂಗೂ ಜಿಪ್ಸಮ್ಮೇ, ಅದರಲ್ಲೊಂದು ಕೊಕ್ಕೆ ಇಲ್ಲ. ಭಾವ ಅತ್ತಿತ್ತ ನೋಡಿ, ಕಾಯಿಯನ್ನು ಹಗ್ಗದ ಉರುಳಿಗೆ ಸೇರಿಸಿ ಏಣಿ ಹತ್ತಿದರು. ಬೋರ್ಡಿನಾಚೆ ಚಾಚಿದ್ದ ನನ್ನ ಹಲಗೆಯ ತುದಿಗೆ ಕೈ ಹಾಕಿ ನನ್ನ ಕಡೆ ತಿರುಗಿದರು. ಎಲ್ಲರೂ ತಿರುಗಿದರು.

ನನಗೆ ಕೋಪ ನೆತ್ತಿಗೇರಿತು. ಬೋರ್ಡೇನು ಸಂತೆಯ ಗೂಟವೇ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅಕ್ಕನನ್ನು ನೋಡಿದೆ. ಅವಳು ಬೋರ್ಡನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಅತ್ತೆಯ ಸೆರಗಿಗೆ ಮೆತ್ತಿದ್ದ ಕುಂಬಳದ ಬೂದಿಯನ್ನೇ ನೋಡುತ್ತಿದ್ದಳು. ಆ ಭಾರವನ್ನು ಬೈರಕೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಬೇಡ ಎಂದರೆ ಬೋರ್ಡು ಉಳಿಯುತ್ತಿತ್ತು, ಆಕೆ ಬಂದ ದಾರಿಯಲ್ಲೇ ಹೋಗುತ್ತಿದ್ದರು.

"ಕಟ್ಟಿ ಭಾವ. ತುದೀಲಿ ಬೇಡ, ಸ್ವಲ್ಪ ಒಳಗೆ, ಸ್ಕ್ರೂ ಇರೋ ಕಡೆ" ಎಂದೆ.

ಕಟ್ಟಿದರು, ಕೈ ಬಿಟ್ಟರು. ಕಾಯಿ ಒಮ್ಮೆ ತೂಗಾಡಿ ನಿಂತಿತು. ಬೋರ್ಡು ಅಲುಗಲಿಲ್ಲ. ನನ್ನ ಎದೆ ಮಾತ್ರ ಸ್ವಲ್ಪ ಹೊತ್ತು ತೂಗಾಡಿತು.

"ಬಿಗಿಯಾಗೈತೆ" ಎಂದರು ಅತ್ತೆ. ಆಮೇಲೆ ಸೊಸೆಗೆ, "ನೀರು ಕೊಡಮ್ಮ, ಮೆಟ್ಲು ಜಾಸ್ತಿ ನಿಮ್ಮಂಗಡಿಗೆ" ಎಂದರು.

ಅಕ್ಕ ನೀರು ತರಲು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನೇ ಹೋಗಿ ನೀರು ತಂದುಕೊಟ್ಟೆ.

ದೃಷ್ಟಿಯ ಕಾಯಿಯನ್ನು ಅಮಾವಾಸ್ಯೆಗೆ ಬದಲಿಸಬೇಕು ಎಂಬುದು ಆಕೆಯ ಶಾಸ್ತ್ರ. ಹಾಗಾಗಿ ಅಮಾವಾಸ್ಯೆ ಬಂತೆಂದರೆ ಹಿತ್ತಲಿನದೊಂದು ಕಾಯಿ ಹೊತ್ತು ಬಸ್ಸು ಹತ್ತುತ್ತಾರೆ, ಸಂಜೆಯವರೆಗೂ ಅಂಗಡಿಯಲ್ಲಿ ಕೂತು ಬ್ಲೌಸಿಗೆ ಹುಕ್ಕು ಹೊಲಿದುಕೊಡುತ್ತಾರೆ. ಮೊನ್ನೆ ಬೈರಕೂರಿನಿಂದ ನನಗೇ ಫೋನು ಮಾಡಿದರು.

"ಈ ಸಲದ್ದು ಇನ್ನೂ ದಪ್ಪ ಐತಮ್ಮ. ನಿನ್ನ ಬೋರ್ಡು ತಡೀತದಾ?"

"ತನ್ನಿ ಅತ್ತೆಮ್ಮ" ಎಂದೆ.