ಊದುವ ಮನೆಯವರು ಉಸಿರೆಳೆದದ್ದು

ಕಾಕಾನ ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ಮೂರು ಕೋಣೆ, ಮೂರು ಬಣ್ಣದ ಗುಂಡು, ಒಂದು ಕೊಳವೆ. ನೀವೂ ಯಾರದಾದರೂ ಮನೆಯಲ್ಲಿ ನೋಡಿರಬಹುದು. ಕಾಕಾನಂತೆ ಎದೆಯ ಆಪರೇಷನ್ ಆದವರಿಗೆ ಕೊಟ್ಟು ಕಳಿಸುತ್ತಾರೆ. ಕೊಳವೆ ಬಾಯಿಗಿಟ್ಟು ಉಸಿರನ್ನು ಒಳಗೆ ಎಳೆದರೆ ಗುಂಡುಗಳು ಮೇಲೇಳಬೇಕು. ಹಾಗೆ ಮಾಡದಿದ್ದರೆ ಕಫ ಕಟ್ಟಿ ಮತ್ತೆ ಆಸ್ಪತ್ರೆಗೇ ಬರಬೇಕಾದೀತು ಎಂದು ಡಾಕ್ಟರು ಹೆದರಿಸಿದ್ದರು. ಮಕ್ತಲ್‌ನ ಶಾಲೆಯಲ್ಲಿ ಆಟದ ಟೀಚರಾದ ನಾನು ಮಕ್ಕಳನ್ನು ಆಡಿಸಿ, ಕೊರಳಲ್ಲಿ ಸೀಟಿ ಇರುವಂತೆಯೇ ಬಸ್ಸು ಹತ್ತಿ ನಾರಾಯಣಪೇಟೆಗೆ ಬಂದು ನೋಡಿದರೆ, ಕಾಕಾ ಕೆನ್ನೆ ಉಬ್ಬಿಸಿಕೊಂಡು ಅದನ್ನು ಊದುತ್ತಿದ್ದರು. ಗುಂಡುಗಳು ಕೂತಲ್ಲೇ ಕೂತಿದ್ದವು.

"ಇದು ಕೆಟ್ಟೈತಿ ನೋಡವ್ವ. ವಾಪಸ್ ಕೊಟ್ಟು ಬ್ಯಾರೇದು ತಗೊಂಡ್ ಬಾ," ಎಂದರು.

ನನಗೆ ನಗು ಬಂತು, ಹೆದರಿಕೆಯೂ ಆಯಿತು. ಈ ತಪ್ಪು ನಮ್ಮ ಮನೆತನದ ಆಸ್ತಿ.

ನಮ್ಮದು ಶಂಖ ಊದುವ ಮನೆ. ಓಣಿಯ ವೀರಭದ್ರನ ಗುಡಿಯಲ್ಲಿ ಮುಂಜಾನೆಯ ಶಂಖ ನಮ್ಮವರದೇ. ಅಜ್ಜ, ಅಪ್ಪ, ಕಾಕಾ ಪಾಳಿ ಹಾಕಿಕೊಂಡು ಊದಿದವರು. ಉಸಿರು ಇರುವುದೇ ಊದುವುದಕ್ಕೆ ಎಂದು ನಂಬಿದ ವಂಶ. ಒಳಗೆ ಬರುವ ಉಸಿರಿನ ಬಗ್ಗೆ ನಾವು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅದು ತಾನಾಗಿಯೇ ಬರುತ್ತದಲ್ಲ, ಅದಕ್ಕೇನು ಮರ್ಯಾದೆ?

ಓದುವ ದಿನಗಳಲ್ಲಿ ನಾನು ಇನ್ನೂರು ಮೀಟರ್ ಓಡುತ್ತಿದ್ದೆ. ತಿರುವು ದಾಟುವವರೆಗೆ ಚೆನ್ನಾಗಿ ಓಡಿ, ಆಮೇಲೆ ಎದೆ ಬಿಗಿದುಕೊಂಡು ಹಿಂದೆ ಬೀಳುವುದು ನನ್ನ ಪದ್ಧತಿ. ಕಾಕಾನದು ಸೀರೆ ಅಂಗಡಿ. ಗಿರಾಕಿಗಳಿಗೆ ಸೀರೆಯ ಅಂಚು ತೋರಿಸುವ ಮೊದಲು ನನ್ನ ಓಟದ ವರ್ಣನೆ ಆಗಬೇಕು. ಕೆಲವರು ಸೀರೆ ಮರೆತು ಎದ್ದು ಹೋದದ್ದೂ ಉಂಟು. ಅಂಥ ಕಾಕಾನ ಕಿವಿಗೆ ಯಾರೋ ಒಂದು ಮಾತು ಹಾಕಿದರು: ಓಟಕ್ಕೆ ಮುಂಚೆ ಕಾಲಿಗಷ್ಟೇ ಅಲ್ಲ, ಉಸಿರಾಡುವ ಸ್ನಾಯುಗಳಿಗೂ ವಾರ್ಮ್‌ಅಪ್ ಬೇಕು. ಗದ್ವಾಲದಲ್ಲಿ ಜಿಲ್ಲಾ ತಂಡದ ಆಯ್ಕೆ ಇತ್ತು. ವಯಸ್ಸಿನ ಲೆಕ್ಕದಲ್ಲಿ ನನಗದು ಕೊನೆಯ ವರ್ಷ. ಉಸಿರಿನ ವಾರ್ಮ್ಅಪ್ಪಿಗೆ ಶಂಖ ಊದುವುದಕ್ಕಿಂತ ಬೇರೇನು ಬೇಕೆಂದು ಕಾಕಾ ಟವೆಲ್ಲಿನಲ್ಲಿ ಶಂಖ ಸುತ್ತಿಕೊಂಡು ನನ್ನ ಜೊತೆ ಬಸ್ಸು ಹತ್ತಿದರು.

ಮೈದಾನದ ಹಿಂದಿನ ಬೇವಿನ ಮರದ ಕೆಳಗೆ ನಾನು ಊದಿದ್ದೇ ಊದಿದ್ದು. ಕಾವಲುಗಾರ ಚಪ್ಪಲಿ ಬಿಟ್ಟು, ಕೈ ಮುಗಿದುಕೊಂಡು ಬಂದು, "ಪೂಜ ಮೊದಲಯ್ಯಿಂದಾ?" ಪೂಜೆ ಶುರುವಾಯಿತಾ ಎಂದು ತೆಲುಗಿನಲ್ಲಿ ಕೇಳಿದ. ಪ್ರಸಾದ ಇಲ್ಲವೆಂದು ತಿಳಿದು ಬೇಸರದಿಂದ ಹೋದ. ಓಟದ ಗೆರೆಗೆ ಬರುವಷ್ಟರಲ್ಲಿ ನನಗೆ ತಲೆ ಸುತ್ತುತ್ತಿತ್ತು. ಎದೆ ಈ ಸಲ ತಿರುವಿನ ತನಕವೂ ಕಾಯದೆ ಬಿಗಿಯಿತು. ಇನ್ನೂರು ಮೀಟರಿನ ಆಸೆ ಅಲ್ಲಿಗೆ ಮುಗಿಯಿತು. ಉಳಿದದ್ದು ಮುಂದಿನ ತಿಂಗಳ ರಿಲೇ ಆಯ್ಕೆ ಒಂದೇ.

ಎಲ್ಲವನ್ನೂ ದೂರದಿಂದ ನೋಡಿದ್ದ ಜಿಲ್ಲಾ ತಂಡದ ಕೋಚ್ ಮೇಡಂ ಹತ್ತಿರ ಬಂದು ಕೂತರು. "ಊದೂದಲ್ಲ ತಂಗಿ, ಎಳಿಯೂದು. ಇಕ್ಕಟ್ಟಿನ್ಯಾಗಿಂದ ಗಾಳಿ ಒಳಗ ಎಳಕೋಬೇಕು. ಅದೂ ದಣಿಯೂ ಮಟ ಅಲ್ಲ, ಬೆಚ್ಚಗಾಗೂ ಮಟ. ನೀ ಓಡೂದರ ಮೊದಲೇ ಓಡಿ ಮುಗಿಸಿದಿ."

ಅದಕ್ಕೆಂದೇ ಒಂದು ಸಾಧನ ಬರುತ್ತದಂತೆ. ನಮ್ಮ ಮನೆಯಲ್ಲಿ ಇದ್ದದ್ದು ಶಂಖ. ಅದರ ಅಗಲ ಬಾಯಿಗೆ ಅಂಗೈ ಅರ್ಧ ಮುಚ್ಚಿ, ಊದುವ ತೂತಿನಿಂದಲೇ ಉಸಿರು ಎಳೆಯತೊಡಗಿದೆ. ಸದ್ದೇ ಇಲ್ಲ. ಪಕ್ಕೆಲುಬುಗಳು ಮಾತ್ರ ಬಾಗಿಲಿನ ಹಾಗೆ ಮೆಲ್ಲಗೆ ತೆರೆದುಕೊಳ್ಳುತ್ತಿದ್ದವು.

"ಶಂಖ ಊದೋರನ್ನ ಕಂಡೀನಿ, ಕುಡಿಯೋರನ್ನ ಇವತ್ತ ಕಂಡೆ," ಎಂದು ಕಾಕಾ ಗುಡಿಗೆ ಹೋಗಿ ತಪ್ಪುಕಾಣಿಕೆಯಾಗಿ ಕಾಯಿ ಒಡೆಸಿಕೊಂಡು ಬಂದರು.

ರಿಲೇ ತಂಡಕ್ಕೆ ನಾನು ಆಯ್ಕೆಯಾದೆ. ಉಸಿರಿನ ವಾರ್ಮ್‌ಅಪ್‌ನಿಂದಲೇ ಎಂದು ಎದೆ ತಟ್ಟಿ ಹೇಳಲಾರೆ. ಗಡಿಯಾರದಲ್ಲಿ ಅಂಥ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ ಎದೆ ಬಿಗಿಯುತ್ತದೆಂಬ ಭಯ ಹೋಯಿತು. ಓಡುವವರಿಗೆ ಭಯದಷ್ಟು ಭಾರವಾದದ್ದು ಬೇರೊಂದಿಲ್ಲ. ಒಬ್ಬಳೇ ಓಡುವುದು ತಪ್ಪಿತಲ್ಲ ಎಂದು ನಾನು ಮುಖ ಸಪ್ಪಗೆ ಮಾಡಿದಾಗ ಕಾಕಾ ಹೇಳಿದ್ದರು: "ರಿಲೇ ಅಂದ್ರ ಏನ್ ಕಮ್ಮಿ? ನಮ್ಮ ಮನ್ಯಾಗ ಶಂಖಾನೂ ಪಾಳಿ ಮ್ಯಾಲೇ ಅಲ್ಲೇನು?"

ಈಗ ಅದೇ ಕಾಕಾ ದಿಂಬಿಗೆ ಒರಗಿ, ಎರಡು ಮಾತಿಗೊಮ್ಮೆ ಏದುಸಿರು ಬಿಡುತ್ತಿದ್ದರು. "ಊದಬ್ಯಾಡ್ರಿ ಕಾಕಾ, ಎಳೀರಿ," ಎಂದೆ.

"ನನಗ ಊದಾಕ ಕಲಸ್ತೀಯೇನು?"

ವಾದ ಮಾಡಲಿಲ್ಲ. ದೇವರ ಜಗುಲಿಯಿಂದ ಶಂಖ ತಂದು ಅವರೆದುರು ಕೂತೆ. ಅಂಗೈ ಅರ್ಧ ಮುಚ್ಚಿ ಮೆಲ್ಲಗೆ ಎಳೆದೆ. ಸದ್ದಿಲ್ಲದ ಆ ಶಂಖವನ್ನು ಕಾಕಾ ನೋಡಿದರು. ಅವರ ಮೀಸೆಯಡಿ ನಗು ಮೂಡಿತು.

"ಕುಡಿಯೋದು," ಎಂದರು.

"ಹೌದ್ರಿ, ಕುಡಿಯೋದು. ದಣಿಯೂ ಮಟ ಅಲ್ಲ."

ಕಾಕಾ ಎದೆಯ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದು ಕೊಳವೆ ಬಾಯಿಗಿಟ್ಟರು. ಮೊದಲ ಗುಂಡು ನಡುಗಿತು, ಎದ್ದಿತು. ಎರಡನೆಯದು ಅರ್ಧಕ್ಕೆ ಬಂದು ಬಿತ್ತು. ಬಾಗಿಲಲ್ಲಿ ನಿಂತಿದ್ದ ಕಾಕಾನ ಹೆಂಡತಿ, ನಮ್ಮ ಚಿಗವ್ವ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಇನ್ನೊಮ್ಮೆ ತೋರಿಸಲೆಂದು ಶಂಖವನ್ನು ಬಾಯಿಗೆ ತಂದಾಗ ಕಾಕಾ ಕೈ ಅಡ್ಡ ಹಿಡಿದರು.

"ನಿಂದು ಆತು ಬಿಡವ್ವ. ಇನ್ನ ಪಾಳಿ ನಂದು."