ಕ್ಲೆಮ್ ಆರಿಸಿದ ಕರೆಂಟ್ ಹಂಡೆ

"ಅಮ್ಮಾ, ಕೊಳೆತ ಏಡಿ ಮೂಸಿದ್ರೆ ಕ್ಲೆಮ್‌ಗೆ ಮಾತ್ರ ಯಾಕೆ ಗುಲಾಬಿ ವಾಸನೆ ಬರುತ್ತೆ?"

ಮೊರ್ವೆನ ಕೂಸಿನ ಬಟ್ಟೆ ಮಡಚುತ್ತಿದ್ದವಳು ತಿರುಗಿ ನೋಡಿದಳು. ಐದು ವರ್ಷದ ಪಿಪ್ಪಾ ಬಿಸ್ಕತ್ತಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಶನಿವಾರ ಜೆಟ್ಟಿಯಲ್ಲಿ ಹಿಡಿದ ಏಡಿಗಳ ಚಿಪ್ಪು, ಇಲ್ಲಿ ಬೇಸಿಗೆಯಾದ ಜನವರಿಯ ಬಿಸಿಲಲ್ಲಿ ಎರಡು ದಿನ ಬೆಂದದ್ದು. ಮೊರ್ವೆನ ಮೂಗು ಮುಚ್ಚಿಕೊಂಡಳು. ಕಣ್ಣು ಮುಚ್ಚಿಸಿ ಮೂಸಿಸುವುದು ಹುಡುಗಿಯ ಹೊಸ ಆಟ. ಅಪ್ಪ ಬೈಯುತ್ತ ಓಡಿದ್ದನಂತೆ. ಪಕ್ಕದ ಮನೆಯ ಕ್ಲೆಮ್ ಟ್ರಿಗೆನ್ಜಾ ಬೇಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಉಸಿರನ್ನು ಉದ್ದಕ್ಕೆ ಎಳೆದುಕೊಂಡು, "ನಿಮ್ಮಮ್ಮನ ಗುಲಾಬಿ!" ಅಂದನಂತೆ.

ಮಗುವನ್ನು ಸಂತೋಷಪಡಿಸಲು ಹಾಗೆ ಹೇಳಿರಬಹುದು ಎಂದುಕೊಳ್ಳುವಷ್ಟರಲ್ಲಿ ಅವಳಿಗೆ ಹೋದ ವಾರದ್ದು ನೆನಪಾಯಿತು. ಕೂಸು ಕ್ಲೆಮ್‌ನ ತೊಡೆಯ ಮೇಲೆಯೇ ಹೊಲಸು ಮಾಡಿಕೊಂಡಿತ್ತು. ಅವನು ಅರ್ಧ ಗಂಟೆ ಏನೂ ಆಗದವನಂತೆ ಅದನ್ನು ಕುಣಿಸುತ್ತಲೇ ಇದ್ದ. ಅವಳು ಡಬ್ಬಿಯನ್ನು ಕಸಕ್ಕೆ ಎಸೆದು ಬೇಲಿಯ ಬಳಿ ಹೋದಳು.

"ಕ್ಲೆಮ್, ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ಮೂಗು."

ಅವನು ಹಿಂದೆ ಮುಂದೆ ನೋಡಿದ. "ಆ ಡಬ್ಬೀಲಿ ಏನಿತ್ತು?"

"ಏಡಿ. ಕೊಳೆತದ್ದು."

"ಥೂ," ಎಂದು ನಕ್ಕ. ನಗು ಪೂರ್ತಿಯಾಗಲಿಲ್ಲ. "ನವೆಂಬರಿಂದ. ಯಾರಿಗೂ ಹೇಳ್ಬೇಡ ಮೊರ್ವೆನ. ಮೂಗು ಹೋಗಿದೆ ಅಂತ ಗೊತ್ತಾದ್ರೆ ಕುರ್ಚಿ ಹೋಗುತ್ತೆ."

ಕ್ಲೆಮ್‌ಗೆ ಐವತ್ನಾಲ್ಕು. ಇಪ್ಪತ್ತಾರು ವರ್ಷದಿಂದ ವಾಲರೂ ಬಂದರಿನ ಧಾನ್ಯ ತುಂಬಿಡುವ ಸೈಲೋದಲ್ಲಿ ಬಾರ್ಲಿ ಪರೀಕ್ಷೆ ಮಾಡುವವನು. ಲಾರಿ ಬಂದು ನಿಂತರೆ, ಯಂತ್ರ ಅಂಕಿ ತೋರಿಸುವ ಮೊದಲೇ ಒಂದು ಬೊಗಸೆ ಎತ್ತಿ ಮೂಸಿ, "ಇಲಿ ಓಡಾಡಿದೆ," "ಡೀಸೆಲ್ ಪಕ್ಕ ಇಟ್ಟಿದ್ರಿ ಅಲ್ವಾ?" ಎನ್ನುತ್ತಿದ್ದ. ರೈತರು ಶಪಿಸುತ್ತಿದ್ದರು, ಆದರೆ ಎದುರಾಡುತ್ತಿರಲಿಲ್ಲ. ನವೆಂಬರಿನಲ್ಲಿ ಏಣಿಯಿಂದ ಜಾರಿ ತಲೆಯ ಹಿಂಭಾಗ ಒಡೆಯಿತು. ಏಳು ಹೊಲಿಗೆ. ವಾಸನೆ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಈಗಲೂ ಬೊಗಸೆಯನ್ನು ಮೂಗಿಗೆ ಒಡ್ಡುತ್ತಾನೆ, ಮೂಸುತ್ತ ಮೂಸುತ್ತ ಲಾರಿಯವನ ಮುಖ ನೋಡಿ ತೀರ್ಪು ಕೊಡುತ್ತಾನೆ.

ಕೆಲಸವನ್ನು ಹಾಗೆ ಸಂಭಾಳಿಸಬಹುದಿತ್ತು. ಕುರ್ಚಿಯನ್ನಲ್ಲ. ತಿಂಗಳ ಮೊದಲ ಶನಿವಾರ ನೆವ್ ಪೆನ್‌ಗಿಲಿಯ ಶೆಡ್ಡಿನಲ್ಲಿ ಮನೆ ಬಿಯರಿನವರ ಕೂಟ. ಯಾರದು ಯಾವುದೆಂದು ಗೊತ್ತಾಗದಂತೆ ಕಂದು ಕಾಗದ ಸುತ್ತಿದ ಗ್ಲಾಸುಗಳು ಬರುತ್ತವೆ. ಮೇಜಿನ ತುದಿಯ ಕುರ್ಚಿಯಲ್ಲಿ ಕ್ಲೆಮ್. ಅವನು ಮೂಸಿ ಒಂದು ಮಾತು ಹೇಳುವವರೆಗೆ ಯಾರೂ ಗುಟುಕು ಹಾಕುವಂತಿಲ್ಲ. ಹನ್ನೆರಡು ವರ್ಷದಿಂದ ಅದೇ ಪದ್ಧತಿ. ಹೆಂಡತಿ ಬಿಟ್ಟುಹೋದ ವಾರವೂ ಅವನು ಆ ಕುರ್ಚಿ ತಪ್ಪಿಸಿರಲಿಲ್ಲ. ಈಗ ಡಿಸೆಂಬರಿನಲ್ಲೂ ಜನವರಿಯಲ್ಲೂ ನೆಗಡಿ ಎಂದು ತಪ್ಪಿಸಿಕೊಂಡಿದ್ದ, ಫೆಬ್ರವರಿಗೂ ಅದನ್ನೇ ಹೇಳುವವನಿದ್ದ. ಮಾರ್ಚ್ ಕೂಟಕ್ಕೆ ಮಾತ್ರ ಬಿಯರು ತರುವವರಲ್ಲಿ ಅವನ ಸರದಿಯೂ ಇತ್ತು.

"ಹಳೇ ಪಾತ್ರೆ, ಗ್ಯಾಸ್ ಒಲೆ, ಎಲ್ಲಾ ಮೂಗಿನ ಮೇಲೇ ನಡೀತಿತ್ತು," ಎಂದ. "ಬಾರ್ಲಿ ಸಿಹಿ ಬಿಟ್ಟಿದ್ದು, ಕಹಿಗೆ ಹಾಪ್ಸ್ ಹೂ ಹಾಕೋ ಹೊತ್ತು, ಎಲ್ಲಾ. ಈಗ ಕರೆಂಟ್ ಹಂಡೆ ಬಂದಿದ್ಯಲ್ಲ, ನೆನೆಸೋದು, ಕುದಿಸೋದು, ತಣಿಸೋದು ಎಲ್ಲಾ ಒಂದರಲ್ಲೇ. ನೀನು ಅಂಕಿ ಒತ್ತಿದ್ರೆ ಸಾಕು, ಅದೇ ಬಿಸಿ ನೋಡ್ಕೊಳುತ್ತೆ, ಅದೇ ಗಂಟೆ ಹೊಡೆಯುತ್ತೆ. ಅದಕ್ಕೆ ಮೂಗು ಬೇಡ."

ಹಂಡೆ ಆರಿಸಿದ್ದು ಮೊರ್ವೆನಳ ಅಡುಗೆಮನೆಯಲ್ಲಿ. ಕೂಸಿಗೆ ಹಾಲು ಕೊಡುತ್ತ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಬಟ್ಟೆ ಒಗೆಯುವ ಯಂತ್ರ ಕೊಳ್ಳುವವಳಂತೆ ಅವಳು ಪ್ರಶ್ನೆ ಹಾಕಿದಳು. ನೆಂದ ಬಾರ್ಲಿಯ ಬುಟ್ಟಿ ಎತ್ತುವವರು ಯಾರು? ಪಂಪಿನ ಕೊಳವೆ ತೊಳೆಯಲು ಬಿಚ್ಚುತ್ತದೆಯೇ? ಕ್ಲೆಮ್‌ನ ಶೆಡ್ಡಿನ ಸಾಕೆಟ್ಟು ಎಷ್ಟು ತಡೆಯುತ್ತದೆ? ಕೊನೆಗೆ ಎರಡು ಉಳಿದವು. ಚಿಕ್ಕದು ಮೂವತ್ತೈದು ಲೀಟರಿನದು, ಅದರ ಉರಿಯನ್ನು ಎರಡು ಭಾಗ ಮಾಡಿ ಬೇಕಾದಾಗ ಒಂದನ್ನೇ ಹಚ್ಚಬಹುದು, ಆದರೆ ಕುದಿ ಬರಲು ಗಂಟೆ ಹಿಡಿಯುತ್ತದೆ. ದೊಡ್ಡದು ಅರವತ್ತೈದು ಲೀಟರಿನದು, ಒಂದೇ ಉರಿ, ಭಾರೀ ಜೋರು.

"ನೀವು ಮಾಡ್ತಿರೋದು ಗೋಧಿ ಬಿಯರು. ದೊಡ್ಡದ್ರಲ್ಲಿ ಗೋಧಿ ತಳ ಹಿಡಿಯುತ್ತೆ ಅಂತ ನಾಲ್ಕು ಜನ ಬರ್ದಿದಾರೆ. ಚಿಕ್ಕದು ತಗೊಳ್ಳಿ, ನಿಧಾನಕ್ಕೆ ಕುದಿಲಿ. ನಿಮಗೇನು ರೈಲು ತಪ್ಪುತ್ತಾ?"

"ಸರಿ. ಚಿಕ್ಕದೇ."

ಮರುದಿನ ಮಾಂಸ ತುಂಬಿದ ಪೇಸ್ಟಿ ಮಾರುವ ಅಂಗಡಿಯ ಸಾಲಿನಲ್ಲಿ ಇಬ್ಬರಿಗೂ ನೆವ್ ಸಿಕ್ಕ. ಕ್ಲೆಮ್ ಹಂಡೆಯ ವಿಷಯ ಹೇಳಿದ.

"ಚಿಕ್ಕದಾ? ಲೋ ಕ್ಲೆಮ್, ಅದು ನಮ್ಮತ್ತೆ ಜಾಮ್ ಕುದಿಸೋ ಪಾತ್ರೆ ಕಣೋ! ಯಾರು ಆರಿಸಿದ್ದು, ಇವಳಾ? ಜೊತೆಗೆ ಒಂದು ಏಪ್ರನ್ನೂ ಕೊಡಿಸಮ್ಮ, ಹೂವಿಂದು!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ಕ್ಲೆಮ್ ನಕ್ಕ. ಸಂಜೆ ಮೊರ್ವೆನಳಿಗೆ ಹೇಳದೆ ದೊಡ್ಡದನ್ನೇ ತರಿಸಿಕೊಂಡ.

ಹಂಡೆಯ ಅಡಿಯಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ. ತಳ ವಿಪರೀತ ಕಾದರೆ ಯಂತ್ರ ತಾನೇ ಆರಿಹೋಗುತ್ತದೆ, ಗುಂಡಿ ಒತ್ತಿದರೆ ಮತ್ತೆ ಹತ್ತಿಕೊಳ್ಳುತ್ತದೆ. ಕೂಟದವರೆಲ್ಲ ಒಂದಲ್ಲ ಒಂದು ಸಲ ಒತ್ತಿದವರೇ. ಎರಡನೆಯ ಸಲ ಯಾರೂ ಒತ್ತುವುದಿಲ್ಲ, ಅಷ್ಟರಲ್ಲಿ ಸೀದ ವಾಸನೆ ಶೆಡ್ಡು ತುಂಬಿರುತ್ತದೆ. ಗೋಧಿ ಬಿಯರು ಕುದಿಸಿದ ದಿನ ಕ್ಲೆಮ್ ತನ್ನ ಶೆಡ್ಡಿನ ನೆಲದ ಮೇಲೆ ಬೋರಲು ಮಲಗಿ ಮೂರು ಸಲ ಒತ್ತಿದ. ಪರದೆಯ ಮೇಲೆ ಅಂಕಿ ಸರಿಯಾಗಿಯೇ ಇತ್ತು.

ಮೂರು ವಾರ ಕಳೆದು, ಕೂಟಕ್ಕೆ ಇನ್ನೆರಡು ದಿನ ಇರುವಾಗ, ಮೊದಲ ಬಾಟಲಿ ಹಿಡಿದು ಬಂದ. ಇಸ್ತ್ರಿ ಮಾಡಿದ ಅಂಗಿ.

"ದೊಡ್ಡದೇ ತಗೊಂಡೆ, ಬೈಬೇಡ. ಈಗ ಹೇಳು. ನನಗಿರೋದು ನಿನ್ನ ಮೂಗೊಂದೇ."

ಮೊರ್ವೆನ ಮುಚ್ಚಳ ತೆಗೆದಳು. ನೀರು ಸುರಿದು ಆರಿಸಿದ ಕಸದ ಬೆಂಕಿಯ ವಾಸನೆ. ಬಾಟಲಿಯನ್ನು ಮುಖದಿಂದ ದೂರ ಹಿಡಿಯದಿರಲು ಕಷ್ಟಪಟ್ಟಳು. ಕೂಸು ಆಗ ತಾನೇ ಮಲಗಿತ್ತು. ಸೀದ ಬಿಯರನ್ನು ಮತ್ತೆ ಸರಿಮಾಡಲು ಬರುವುದಿಲ್ಲ, ಹೊಸದು ಮಾಡಲು ದಿನ ಉಳಿದಿಲ್ಲ. ನವೆಂಬರಿನ ನಂತರ ಈ ಮನುಷ್ಯ ನೆಟ್ಟಗೆ ನಿಂತು ನಗುತ್ತಿರುವುದನ್ನು ಅವಳು ನೋಡಿದ್ದು ಈಗಲೇ.

"ಚೆನ್ನಾಗಿದೆ," ಅಂದಳು. "ಬ್ರೆಡ್ ಥರ."

"ಬಾಳೆಹಣ್ಣು? ಗೋಧಿ ಬಿಯರಿಗೆ ಬಾಳೆಹಣ್ಣು ಬರ್ಬೇಕು."

"ಹಿಂದಿಂದ, ಸ್ವಲ್ಪ."

ಮಾರ್ಚ್ ಕೂಟ ಹೆಂಡತಿ ಮಕ್ಕಳೊಂದಿಗೆ ಹೊರಗೆ ಊಟ ಮಾಡುವ ಕೂಟ. ಗಂಡನೂ ಕೂಟದವನಾದ್ದರಿಂದ ಮೊರ್ವೆನ ಕೂಸನ್ನು ಸೊಂಟದಲ್ಲಿಟ್ಟುಕೊಂಡು, ಆಲೂಗಡ್ಡೆ ಸಲಾಡಿನ ಬಟ್ಟಲು ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಕ್ಲೆಮ್ ತನ್ನ ಬಿಯರನ್ನು ತಾನೇ ಎಲ್ಲರ ಮುಂದೆ ಇಟ್ಟು ಕುರ್ಚಿಯಲ್ಲಿ ಕೂತ, ಕಣ್ಣು ಮುಚ್ಚಿ ಮೂಸಿದ.

"ಮೊದಲು ಬ್ರೆಡ್," ಎಂದ. "ಹಿಂದಿಂದ ಬಾಳೆಹಣ್ಣು."

ಹನ್ನೊಂದು ಮೂಗುಗಳು ಗ್ಲಾಸಿಗೆ ಇಳಿದವು. ಒಬ್ಬನೂ ಕುಡಿಯಲಿಲ್ಲ. ಯಾರೋ ಕೆಮ್ಮಿದರು. ನೆವ್ ಗ್ಲಾಸನ್ನು ನೋಡಿದ, ಕ್ಲೆಮ್‌ನನ್ನು ನೋಡಿದ, ತುಟಿ ಒಂದು ಪಕ್ಕಕ್ಕೆ ಎಳೆಯಿತು. ಎದ್ದು ಹಿತ್ತಿಲಿಗೆ ಹೋಗಿ, ಕಾಗದ ಸುತ್ತಿದ ಇನ್ನೊಂದು ಗ್ಲಾಸು ತಂದ.

"ಇದಕ್ಕೇನಂತೀಯ ಮೇಟ್? ಹೊಸಬನದು. ಪಾಪ, ನಿನ್ನ ಮಾತಿಗೇ ಕಾಯ್ತಿದಾನೆ."

ಕ್ಲೆಮ್ ಮೂಸಿದ. ಹೊಸಬ ಎಂದು ಕೇಳಿ ಮನಸ್ಸು ಕರಗಿತ್ತು. "ಲಿಂಬೆ... ತುಸು ಹುಲ್ಲು. ಸಮುದ್ರದ ಗಾಳಿ ಇದೆ ಇದ್ರಲ್ಲಿ. ಕೈ ಚೆನ್ನಾಗಿದೆ. ಯಾರು?"

"ನನ್ನ ನಾಯಿ," ಎಂದ ನೆವ್. "ಅದರ ಬಟ್ಟಲ ನೀರು."

ಶೆಡ್ಡು ನಗೆಯಿಂದ ಸಿಡಿಯಿತು. ಒಬ್ಬ ಮೇಜಿಗೆ ಹಣೆ ಹಚ್ಚಿ ಕಣ್ಣೀರು ಒರೆಸಿಕೊಂಡ. ಮೊರ್ವೆನಳ ಗಂಡನೂ ನಗುತ್ತಿದ್ದ. ನಾಯಿ ತನ್ನನ್ನೇ ಕರೆದರೆಂದು ಬಾಲ ಆಡಿಸುತ್ತ ಒಳಗೆ ಬಂತು, ನಗು ಮತ್ತೂ ಹೆಚ್ಚಿತು.

"ಕುಡಿಯೋ," ಎಂದ ನೆವ್. "ಹೊಸಬನಿಗೆ ಬೇಜಾರಾಗುತ್ತೆ."

ಎಲ್ಲರೊಂದಿಗೆ ನಕ್ಕುಬಿಟ್ಟರೆ ಕುರ್ಚಿ ಉಳಿದೀತು ಎಂದುಕೊಂಡನೋ ಏನೋ, ಕ್ಲೆಮ್ ನಕ್ಕ. ಗ್ಲಾಸು ಎತ್ತಿ ತಳದವರೆಗೂ ಕುಡಿದ. ಆಗ ಯಾರೂ ನಗಲಿಲ್ಲ. ಅವನು ಮೊರ್ವೆನಳ ಕಡೆ ನೋಡಿದ. ಅವಳು ಕೂಸಿನ ಟೊಪ್ಪಿ ಸರಿಮಾಡತೊಡಗಿದಳು. ಟೊಪ್ಪಿ ಸರಿಯಾಗಿಯೇ ಇತ್ತು.

ಅವನು ಎದ್ದು ಗೇಟು ತಲುಪುವ ಮೊದಲೇ ನೆವ್ ತುದಿಯ ಕುರ್ಚಿಗೆ ಬಂದು ಕೂತ. "ಸರಿ, ಮುಂದಿಂದು ಕೊಡ್ರೋ," ಎಂದ.

ಭಾನುವಾರ ಬೆಳಗ್ಗೆ ಕ್ಲೆಮ್ ಅವರ ಜಾಲರಿ ಬಾಗಿಲ ಹೊರಗೆ ನಿಂತಿದ್ದ. ಕಾಲೊರಸಿನ ಮೇಲೂ ಕಾಲಿಟ್ಟಿರಲಿಲ್ಲ.

"ಕ್ಲೆಮ್, ನಾನು ಅವತ್ತು..."

"ಬಿಡು, ಅದಕ್ಕೆ ಬಂದಿಲ್ಲ," ಎಂದ. "ಒಂದು ಉಪಕಾರ ಆಗ್ಬೇಕು. ರಾತ್ರಿಯೆಲ್ಲ ಯೋಚನೆ ಮಾಡ್ದೆ. ಕ್ರಿಸ್‌ಮಸ್ ಆದ್ಮೇಲೆ ಒಬ್ಬರೂ ನನ್ನ ಮನೆಯೊಳಗೆ ಬಂದಿಲ್ಲ. ಕರೆದ್ರೂ ಬಾಗಿಲಲ್ಲೇ ನಿಂತು ಮಾತಾಡಿ ಹೋಗ್ತಾರೆ. ಹಂಡೆ ಆರ್ಸೋಕೆ ನೀನೂ ನಿಮ್ಮ ಮನೆಗೇ ಕರೆದೆ."

ಅವಳು ಜಾಲರಿ ಬಾಗಿಲ ಚಿಲಕಕ್ಕೆ ಕೈ ಹಾಕಿದಳು.

"ನಾಳೆ ಕೆಲಸಕ್ಕೆ ಹೋಗ್ಬೇಕು. ಇವತ್ತು ಬಂದು ಒಂದೊಂದು ಕೋಣೇಲೂ ನಿಂತು, ಏನು ನಾರ್ತಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳು." ಅವನು ಜಾಲರಿಗೆ ಹತ್ತಿರ ಬಂದ. "ಮೊದಲು ನನ್ನಿಂದಲೇ ಶುರುಮಾಡು."