ಅಪ್ಪನನ್ನು ಉಳಿಸಿದ ಡಾಕ್ಟರು

ಸಿದ್ರಾಮಪ್ಪ ಡಾಕ್ಟರ ಕೈ ಬಲು ಚೆಂದ. ಅವರನ್ನು ಕಂಡರಾಗದ ನಾನೂ ಇದೊಂದನ್ನು ಒಪ್ಪುತ್ತೇನೆ. ಉದ್ದನೆಯ ಸಪೂರ ಬೆರಳುಗಳು ಹೊಟ್ಟೆಯೊಳಗೆ ಇಳಿದವೆಂದರೆ ಎಲ್ಲಿಯೂ ತಡವರಿಸುತ್ತಿರಲಿಲ್ಲ. ಬಾಯಿ ಮಾತ್ರ ಹೊಲಸು. ಆಪರೇಷನ್ನಿನಲ್ಲಿ ಕತ್ತರಿ ಕೊಡುವುದು ಚೂರು ತಡವಾದರೆ, "ಏ, ಕಳಿ ಕೀಳಾಕ ಬಂದೀಯೇನು ಇಲ್ಲಿ?" ಎನ್ನುತ್ತಿದ್ದರು. ನಮ್ಮವ್ವ ಜೀವಮಾನವೆಲ್ಲ ಕಂಡವರ ಹೊಲದಲ್ಲಿ ಕಳೆ ಕಿತ್ತವಳು. ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಅನ್ನುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ದೇವದುರ್ಗದಲ್ಲಿ, ಇನ್ನೂ ಶಾಲೆಗೆ ಹೋಗುತ್ತಿದ್ದಾಗ. ಅವರು ಆಗಷ್ಟೇ ಸರ್ಜರಿ ಓದಿ ಮುಗಿಸಿ ಸರ್ಕಾರಿ ಕೆಲಸಕ್ಕೆ ಬಂದಿದ್ದರು. ಅಪ್ಪನಿಗೆ ಎತ್ತು ಹಾಯ್ದು ಕರುಳು ಹೊರಗೆ ಬಿದ್ದಿತ್ತು. ಧೋತರ ಸುತ್ತಿ ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದೆವು. ಆಸ್ಪತ್ರೆಯಲ್ಲಿದ್ದವರೆಲ್ಲ ರಾಯಚೂರಿಗೆ ಒಯ್ಯಿರಿ ಎಂದರು. ಸಿದ್ರಾಮಪ್ಪ ಧೋತರ ಸರಿಸಿ ನೋಡಿ, "ರಾಯಚೂರು ಮುಟ್ಟೂದಿಲ್ಲ ಇಂವ. ಒಳಗ ತರ್ರಿ" ಎಂದರು. ಅರಿವಳಿಕೆ ಕೊಡುವ ಡಾಕ್ಟರು ಇರಲಿಲ್ಲ. ಆ ಸೂಜಿಯನ್ನೂ ಅವರೇ ಚುಚ್ಚಿದರು, ಹೊಲಿಗೆಯನ್ನೂ ಅವರೇ ಹಾಕಿದರು. ಅಪ್ಪ ಉಳಿದ. ಅಂದಿನಿಂದ ನಮ್ಮ ಮನೆಯಲ್ಲಿ ಅವರು ದೇವರು. ನಾನು ನರ್ಸ್ ಆಗುತ್ತೇನೆಂದು ಹಟ ಹಿಡಿದದ್ದೂ ಅವರನ್ನು ನೋಡಿಯೇ.

ನನ್ನ ಓದು ಮುಗಿಯುವ ಹೊತ್ತಿಗೆ ಅವರು ಸರ್ಕಾರಿ ಕೆಲಸ ಬಿಟ್ಟು ರಾಯಚೂರಿನಲ್ಲಿ ಸ್ವಂತ ನರ್ಸಿಂಗ್ ಹೋಂ ಕಟ್ಟಿಸಿದ್ದರು. ಅಪ್ಪ ಕೈಮುಗಿದು ಕೇಳಿಕೊಂಡು ನನ್ನನ್ನು ಅಲ್ಲಿಗೆ ಸೇರಿಸಿದ. ಪ್ರತಿ ಗುರುವಾರ ಡಾಕ್ಟರು ನನ್ನನ್ನೂ ಕರೆದುಕೊಂಡು ಮಾನ್ವಿಗೆ ಹೋಗಿ ಔಷಧಿ ಅಂಗಡಿಯೊಂದರ ಮಾಳಿಗೆಯ ಮೇಲೆ ಕೂಡುತ್ತಿದ್ದರು. ಸಿರವಾರ, ಕುರ್ಡಿ ಕಡೆಯ ಹೆಂಗಸರು ಬರುತ್ತಿದ್ದರು. ದಿನವಿಡೀ ಕಾಲುವೆ ನೀರಿನ ಗದ್ದೆಯಲ್ಲಿ ನಿಂತು ಭತ್ತದ ಸಸಿ ಹಚ್ಚುವವರು. ಕಿಬ್ಬೊಟ್ಟೆ ನೋವು, ಬಿಳಿಸೆರಗು ಎನ್ನುತ್ತಿದ್ದರು. ಡಾಕ್ಟರು ಅವರ ಮಾತು ಪೂರ್ತಿ ಕೇಳಿದ್ದನ್ನು ನಾನು ಕಾಣೆ.

"ಗರ್ಭಚೀಲ ಕೆಟ್ಟದವ್ವ. ಮಕ್ಕಳಾಗ್ಯಾವಲ್ಲ, ಇನ್ನ ಯಾಕ ಬೇಕದು? ಇಟ್ಕೊಂಡ್ರ ಕ್ಯಾನ್ಸರ್ ಆಗ್ತದ ನೋಡು."

ಆ ಒಂದು ಮಾತಿಗೆ ಹೆದರಿ ಮರುದಿನವೇ ರಾಯಚೂರಿಗೆ ಬಂದು ಟೇಬಲ್ ಮೇಲೆ ಮಲಗುತ್ತಿದ್ದರು. ತೆಗೆದ ಚೀಲವನ್ನು ಟ್ರೇಯಲ್ಲಿ ಹಿಡಿಯುವವಳು ನಾನು. ಎಷ್ಟೋ ಸಲ ಅದರಲ್ಲಿ ಕಣ್ಣಿಗೆ ಕಾಣುವಂಥ ಕೇಡು ಏನೂ ಇರುತ್ತಿರಲಿಲ್ಲ. ಪರೀಕ್ಷೆಗೆ ಕಳಿಸೋಣವೇ ಎಂದು ಕೇಳಿದರೆ, "ನಿಮ್ಮಪ್ಪನ ಹೊಟ್ಟಿ ಹೊಲಿಯೋ ಮುಂದ ಯಾರನ್ನ ಕೇಳಿದ್ನೇ?" ಎನ್ನುತ್ತಿದ್ದರು. ಕುರ್ಡಿಯ ಒಬ್ಬಾಕೆ, ಇನ್ನೂ ಮೂವತ್ತು ತುಂಬಿರಲಿಲ್ಲ, ಆಪರೇಷನ್ ಆದ ಮೇಲೆ ಮತ್ತೆ ಬಂದಳು. "ಮೈಯೆಲ್ಲ ಬೆಂಕಿ ಆಗ್ತದ್ರಿ ಯಪ್ಪಾ, ನಡಾ ಎತ್ತಾಕ ಬರವಲ್ದು" ಎಂದು ಅತ್ತಳು. ಅವರು ನನ್ನ ಕಡೆ ತಿರುಗಿ, "ಕೆಲಸಗಳ್ಳಿ" ಎಂದು ನಕ್ಕರು. ಆ ನಗುವನ್ನು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ.

ಹುಲಿಗೆಮ್ಮ ಸಿರವಾರದವಳು. ಒಂದೇ ಕೂಸಿನ ತಾಯಿ. ಟೇಬಲ್ ಮೇಲೆ ಮಲಗಿದವಳು ನನ್ನ ಕೈ ಹಿಡಿದು, "ಯಕ್ಕಾ, ತೆಗೀಲೇಬೇಕೇನು? ನನಗ ಇನ್ನೊಂದು ಕೂಸು ಬೇಕಾಗಿತ್ತು" ಎಂದಳು. ಡಾಕ್ಟರು ಅಲ್ಲೇ ಕೈ ತೊಳೆಯುತ್ತಿದ್ದರು.

"ತೆಗಿಸಬ್ಯಾಡ. ಮೊದಲ ಇನ್ನೊಬ್ಬರಿಗೆ ತೋರ್ಸು. ಏಳು" ಎಂದೆ.

ನಲ್ಲಿ ನಿಂತಿತು. "ಏನಂದಿ?"

"ಇನ್ನೊಬ್ಬರಿಗೆ ತೋರ್ಸು ಅಂದೀನ್ರಿ."

"ಈ ಕೈ ಇರಲಿಲ್ಲಂದ್ರ ನಿಮ್ಮಪ್ಪ ಎಂದೋ ಮಣ್ಣಾಗಿರ್ತಿದ್ದ. ನೆನಪದ ಏನು?"

"ಅದ ರೀ. ನಮ್ಮಪ್ಪಂದು ಹರಿದಿತ್ತು, ಹೊಲಿದ್ರಿ. ಈಕಿದು ಏನು ಹರಿದದ?"

ಸ್ಟೀಲಿನ ಬೋಗುಣಿ ನನ್ನ ಕಿವಿಯ ಪಕ್ಕದಲ್ಲೇ ಹಾರಿ ಗೋಡೆಗೆ ಬಡಿಯಿತು. ಹುಲಿಗೆಮ್ಮ ಹಸಿರು ಗೌನನ್ನು ಎರಡೂ ಕೈಯಿಂದ ಹಿಡಿದುಕೊಂಡು ಇಳಿದು ಗಂಡನ ಕಡೆ ಓಡಿದಳು. ನಾನೂ ಅವಳ ಹಿಂದೆಯೇ ಹೊರಗೆ ಬಂದೆ. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಜಿಲ್ಲಾ ಆರೋಗ್ಯ ಕಚೇರಿಗೆ ದೂರು ಕೊಟ್ಟೆ. ವಿಚಾರಣೆಗೆಂದು ಬಂದವರು ಡಾಕ್ಟರ ಕೋಣೆಯಲ್ಲಿ ಚಹಾ ಕುಡಿದು ಹೋದರು.

ಅಪ್ಪನಿಗೆ ನನ್ನ ಮೇಲೆ ವಿಪರೀತ ಸಿಟ್ಟು. "ದೇವರಂಥ ಮನುಷ್ಯಾಗ ಎದುರು ಆಡಿ ಬಂದಿ" ಎಂದವನು ಬಹಳ ದಿನ ಮಾತು ಬಿಟ್ಟ. ಹುಲಿಗೆಮ್ಮನಿಗೆ ಬೇರೊಬ್ಬ ಲೇಡಿ ಡಾಕ್ಟರು ಸೋಂಕು ಎಂದು ಹೇಳಿ ಗಂಡ ಹೆಂಡತಿ ಇಬ್ಬರಿಗೂ ಮಾತ್ರೆ ಕೊಟ್ಟರು. ನೋವು ನಿಂತಿತು. ನನಗೆ ಮಾನ್ವಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕ ಮೇಲೆ ಅವಳು ಆಮೇಲೆ ಹುಟ್ಟಿದ ಹೆಣ್ಣು ಕೂಸನ್ನು ಎತ್ತಿಕೊಂಡು, ಅಲ್ಲಿ ಮಾಡಿದ್ದ ನಮ್ಮ ಮನೆ ಹುಡುಕಿಕೊಂಡು ಬಂದಳು. ಅಪ್ಪ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡ. ಅವತ್ತು ತಾನೇ ನನ್ನನ್ನು ಕೂಗಿ ಊಟಕ್ಕೆ ಕರೆದ.

ಡಾಕ್ಟರನ್ನು ಕೊನೆಯ ಸಲ ಕಂಡದ್ದು ಮಾನ್ವಿಯಲ್ಲಿ, ಒಂದು ಮದುವೆಯಲ್ಲಿ. ರೈಸ್‌ಮಿಲ್ ಮಾಲೀಕರ ನಡುವೆ ಕೂತಿದ್ದರು. ದಾಟಿ ಹೋಗುತ್ತಿದ್ದ ನನ್ನನ್ನು ಕರೆದು, "ಏನವ್ವ ಸಿಸ್ಟರ್, ಇನ್ನೂ ಸಿಟ್ಟದ ಏನು?" ಎಂದರು.

"ಅದ ರೀ."

"ಆ ಸಿರವಾರದಾಕಿ ಏನಾದಳು?"

"ಮಗಳು ಹುಟ್ಟ್ಯಾಳ್ರಿ."

ಒಂದು ಒಳ್ಳೆಯ ಮಾತು ಬಂದೀತೇನೋ ಎಂದು ನಾನು ನಿಂತೇ ಇದ್ದೆ. "ಮತ್ತ ನೋವು ಬರ್ತದ ಆಕಿಗೆ. ಆವಾಗ ನನ್ನ ಕಡೆನ ಬರ್ತಾಳ, ನೋಡ್ತಿರು" ಎಂದು ಪಕ್ಕದವರ ಕಡೆ ತಿರುಗಿದರು.

ಹೋದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ಬೆಳಿಗ್ಗೆ ಸುದ್ದಿ ಬಂದಾಗ ಅಪ್ಪ ಬಿಳಿ ಅಂಗಿ ತೊಟ್ಟು ಹೊರಟು ನಿಂತ. ನಾನೂ ಚಪ್ಪಲಿ ಮೆಟ್ಟಿಕೊಂಡೆ.

"ನನ್ನ ಉಳಿಸ್ಯಾನ, ನಾ ಹೋಗಿ ಮಣ್ಣು ಹಾಕಿ ಬರಬೇಕು. ನೀ ಬ್ಯಾಡವ್ವಾ" ಎಂದ.

"ಯಾಕಪ್ಪಾ?"

"ಅಲ್ಲಿ ಎಲ್ಲಾರೂ ದೇವರಂಥಾಂವ ಅಂತಿರ್ತಾರ. ನೀ ಸುಮ್ಮನ ನಿಂದ್ರಾಕಿ ಅಲ್ಲ." ಬಾಗಿಲ ತನಕ ಹೋಗಿ ತಿರುಗಿ, "ಸುಮ್ಮನ ನಿಂದ್ರೂದೂ ಬ್ಯಾಡ" ಎಂದ.

ಅವನನ್ನು ರಾಯಚೂರು ಬಸ್ಸಿಗೆ ಹತ್ತಿಸಿ ನಾನು ಡ್ಯೂಟಿಗೆ ಹೋದೆ.